ವೆಲೋಡ್ರೋಮ್‌ನಲ್ಲಿ ಮೊದಲ ಸಲ: ಬ್ರೇಕಿಲ್ಲದ ಸೈಕಲ್ ಏರುವ ಮುನ್ನ ರೋಗಿಗಳು, ಮನೆಯವರು ತಿಳಿಯಬೇಕಾದದ್ದು

ಹದಿನಾಲ್ಕು ವರ್ಷದ ಮಗಳಿಗೆ ಟೈಪ್ 1 ಮಧುಮೇಹ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಶಾಲೆಯ ಪಿ.ಟಿ. ಮೇಷ್ಟ್ರು ಅವಳು ಸೈಕಲ್ ಹೊಡೆಯುವುದನ್ನು ನೋಡಿ ‘ಇವಳನ್ನು ವೆಲೋಡ್ರೋಮ್‌ಗೆ ಕಳಿಸಿ’ ಎಂದಿದ್ದಾರೆ. ಇನ್ನೊಂದು ಮನೆಯಲ್ಲಿ, ಸ್ಟೆಂಟ್ ಹಾಕಿಸಿಕೊಂಡು ಇನ್ನೂ ವರ್ಷವಾಗದ ಐವತ್ತೆರಡರ ಯಜಮಾನರು ‘ರಸ್ತೆಯಲ್ಲಿ ಬಸ್ಸು, ಲಾರಿಗಳ ನಡುವೆ ಹೋಗುವುದಕ್ಕಿಂತ ಟ್ರ್ಯಾಕೇ ವಾಸಿ ಅಲ್ಲವೇ?’ ಎನ್ನುತ್ತಿದ್ದಾರೆ. ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಯಲ್ಲಿರುವ ಕನ್ನಡದ ಮನೆಗಳಲ್ಲೂ ಇಂಥ ಪ್ರಶ್ನೆ ಏಳಬಹುದು. ಏಕೆಂದರೆ ಈ ನಾಲ್ಕೂ ಊರುಗಳಲ್ಲಿ ವೆಲೋಡ್ರೋಮ್ ಇದೆ.

ಯಜಮಾನರ ಮಾತಿನಲ್ಲಿ ಅರ್ಧ ಸತ್ಯವಿದೆ. ಟ್ರ್ಯಾಕಿನಲ್ಲಿ ವಾಹನಗಳಿಲ್ಲ, ಗುಂಡಿಗಳಿಲ್ಲ, ನಾಯಿ ಅಡ್ಡ ಬರುವುದಿಲ್ಲ. ಆದರೆ ಅಲ್ಲಿ ಓಡುವ ಸೈಕಲ್ಲಿಗೆ ಬ್ರೇಕ್ ಇಲ್ಲ. ಬೇಕೆಂದ ತಕ್ಷಣ ನಿಲ್ಲಿಸಿ ಪಕ್ಕಕ್ಕೆ ಇಳಿದು ಕೂರಲು ಆಗುವುದಿಲ್ಲ. ಕಾಯಿಲೆ ಇರುವವರ ಲೆಕ್ಕಾಚಾರವೆಲ್ಲ ಶುರುವಾಗುವುದು ಈ ಒಂದು ಸಂಗತಿಯಿಂದ.

ವೆಲೋಡ್ರೋಮ್ ಎಂದರೇನು?

ಇದು ಮೊಟ್ಟೆಯಾಕಾರದ, ಬಾಣಲೆಯ ಅಂಚಿನಂತೆ ಹೊರಕ್ಕೆ ಏರುತ್ತ ಹೋಗುವ ಸೈಕಲ್ ಟ್ರ್ಯಾಕ್. ದೆಹಲಿಯ ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣದಲ್ಲಿರುವುದು 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ಕಟ್ಟಿದ್ದು. ಅದು ಒಳಾಂಗಣದಲ್ಲಿದೆ, ಮರದ ಹಾಸಿನದು, ಒಂದು ಸುತ್ತಿಗೆ 250 ಮೀಟರ್. ಪುಣೆಯ ಬಾಲೇವಾಡಿ, ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣ ಮತ್ತು ಚೆನ್ನೈ ಹೊರವಲಯದ ಮೇಲಕೋಟ್ಟೈಯೂರಿನ ಕ್ರೀಡಾ ವಿಶ್ವವಿದ್ಯಾಲಯದಲ್ಲಿರುವವು ಬಯಲಿನಲ್ಲಿರುವ ಟ್ರ್ಯಾಕುಗಳು. ಮುಂಬೈಯವರಿಗೆ ಹತ್ತಿರದ್ದು ಬಾಲೇವಾಡಿಯೇ.

250 ಮೀಟರಿನ ಟ್ರ್ಯಾಕಿನಲ್ಲಿ ತಿರುವಿನ ಇಳಿಜಾರು ಸಾಮಾನ್ಯವಾಗಿ 42ರಿಂದ 45 ಡಿಗ್ರಿ ಇರುತ್ತದೆ. ಕೆಳಗೆ ನಿಂತು ನೋಡಿದರೆ ಗೋಡೆಯಂತೆಯೇ ಕಾಣುತ್ತದೆ. ಸುತ್ತಳತೆ ದೊಡ್ಡದಾದಷ್ಟೂ ಇಳಿಜಾರು ಕಡಿಮೆ. ಹಾಗಾಗಿ ಬಯಲಿನ ದೊಡ್ಡ ಟ್ರ್ಯಾಕುಗಳು ಹೊಸಬರಿಗೆ ತುಸು ಸಲೀಸು, ಆದರೆ ಅಲ್ಲಿ ಬಿಸಿಲು, ಗಾಳಿ, ಮಳೆಯ ತೇವ ಇರುತ್ತವೆ.

ತಿರುವಿನಲ್ಲಿ ಸೈಕಲ್ ಜಾರದೆ ಇರುವುದು ವೇಗದಿಂದ. ಕಡಿದಾದ ಮರದ ಟ್ರ್ಯಾಕಿನಲ್ಲಿ ಗಂಟೆಗೆ ಸುಮಾರು 30 ಕಿ.ಮೀ. ವೇಗವಾದರೂ ಬೇಕು. ಭಯಪಟ್ಟು ನಿಧಾನ ಮಾಡಿದವರೇ ಜಾರಿ ಬೀಳುತ್ತಾರೆ. ಹೊಸಬರ ತಲೆಗೆ ಇದು ಇಳಿಯಲು ಸಮಯ ಬೇಕು, ಏಕೆಂದರೆ ರಸ್ತೆಯಲ್ಲಿ ನಾವು ಕಲಿತದ್ದು ಇದರ ತದ್ವಿರುದ್ಧ.

ಟ್ರ್ಯಾಕ್ ಸೈಕಲ್ ಹೇಗೆ ಬೇರೆ?

ಇದಕ್ಕೆ ಒಂದೇ ಗೇರ್. ಹಿಂದಿನ ಚಕ್ರ ತಿರುಗುತ್ತಿರುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ, ಪೆಡಲ್ ಜೊತೆಗೆ ನಿಮ್ಮ ಕಾಲೂ ತಿರುಗುತ್ತದೆ. ಸಾಮಾನ್ಯ ಸೈಕಲ್ಲಿನಂತೆ ತುಳಿಯುವುದನ್ನು ಬಿಟ್ಟು ಸುಮ್ಮನೆ ಉರುಳಿಕೊಂಡು ಹೋಗಲು ಬರುವುದಿಲ್ಲ. ನಿಲ್ಲಬೇಕೆಂದರೆ ತುಳಿತದ ಬಲ ಕಡಿಮೆ ಮಾಡುತ್ತ, ಕೋಚ್ ಕಲಿಸಿದಂತೆ ನಿಧಾನವಾಗಿ ಒಳಗಿನ ಸಮತಟ್ಟು ಜಾಗಕ್ಕೆ ಇಳಿದು, ಇನ್ನೂ ಒಂದೆರಡು ಸುತ್ತು ಹೊಡೆದು ನಿಲ್ಲಬೇಕು. ಗಾಬರಿಯಾಗಿ ಕಾಲನ್ನು ಒಮ್ಮೆಲೇ ಗಟ್ಟಿ ಹಿಡಿದರೆ ಪೆಡಲ್ಲೇ ಎತ್ತಿ ಎಸೆಯುತ್ತದೆ.

ಇಲ್ಲಿ ಪಾಲಕರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಈ ಸೈಕಲ್ಲನ್ನು ಮಗುಚಿಟ್ಟು, ಚಕ್ರ ತಿರುಗಿಸುತ್ತ ಬಟ್ಟೆಯಿಂದ ಚೈನ್ ಒರೆಸಬಾರದು. ಬಟ್ಟೆ ಹಲ್ಲಿಗೆ ಸಿಕ್ಕರೆ ಚಕ್ರ ನಿಲ್ಲದು, ಬೆರಳನ್ನೂ ಒಳಗೆ ಎಳೆದುಕೊಳ್ಳುತ್ತದೆ. ಬೆರಳಿನ ತುದಿ ತುಂಡಾಗುವುದು ಹೀಗೆ, ಟ್ರ್ಯಾಕಿನ ಮೇಲಲ್ಲ, ಮನೆಯ ಅಂಗಳದಲ್ಲಿ. ಶೂ ಲೇಸ್, ದುಪಟ್ಟಾ, ಸಡಿಲ ಪ್ಯಾಂಟಿನ ಅಂಚು, ಬಿಚ್ಚಿದ ಜಡೆ ಇವಕ್ಕೂ ಇದೇ ಅಪಾಯ. ಚಿಕ್ಕ ತಮ್ಮ ತಂಗಿಯರು ಇರುವ ಮನೆಯಲ್ಲಿ ಸೈಕಲ್ಲನ್ನು ಕೈಗೆಟುಕದಂತೆ ಗೋಡೆಗೆ ತೂಗುಹಾಕಿ.

ಯಾರು ಮೊದಲು ವೈದ್ಯರನ್ನು ಕೇಳಬೇಕು?

ಬಹುತೇಕ ದೀರ್ಘಕಾಲದ ಕಾಯಿಲೆಗಳಲ್ಲಿ ಸೈಕಲ್ ತುಳಿಯುವುದು ಒಳ್ಳೆಯದೇ. ವೈದ್ಯರೇ ಎಷ್ಟೋ ಸಲ ಅದನ್ನು ಹೇಳುತ್ತಾರೆ. ಆದರೆ ವೈದ್ಯರ ಬಳಿ ‘ಸೈಕಲ್ ಹೊಡೆಯಬಹುದಾ?’ ಎಂದು ಮಾತ್ರ ಕೇಳಿದರೆ ಅವರ ಕಣ್ಣಿಗೆ ಬರುವುದು ಪಾರ್ಕಿನ ಸುತ್ತ ಆರಾಮಾಗಿ ಹೋಗುವ ಸೈಕಲ್. ‘ಬ್ರೇಕಿಲ್ಲದ ಸೈಕಲ್, ಗಂಟೆಗೆ ಮೂವತ್ತು ಕಿಲೋಮೀಟರ್, ಇಳಿಜಾರು ಟ್ರ್ಯಾಕು, ಸುತ್ತಮುತ್ತ ಬೇರೆಯವರೂ ಓಡುತ್ತಿರುತ್ತಾರೆ, ತಕ್ಷಣ ನಿಲ್ಲಲಾಗದು’ ಎಂದು ಬಿಡಿಸಿ ಹೇಳಿ. ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರೆ ಇನ್ನೂ ಒಳ್ಳೆಯದು.

ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಈ ಶ್ರಮವನ್ನು ನನ್ನ ದೇಹ ತಡೆಯುತ್ತದೆಯೇ ಎಂಬುದು ಒಂದು. ಓಡುತ್ತಿರುವಾಗ ಪ್ರಜ್ಞೆ, ದೃಷ್ಟಿ ಅಥವಾ ಸಮತೋಲನ ಹಠಾತ್ತಾಗಿ ತಪ್ಪುವ ಸಾಧ್ಯತೆ ನನಗಿದೆಯೇ ಎಂಬುದು ಇನ್ನೊಂದು. ಎರಡನೆಯದಕ್ಕೆ ‘ಹೌದು’ ಎಂಬ ಉತ್ತರ ಬಂದರೆ ಟ್ರ್ಯಾಕ್ ಸದ್ಯಕ್ಕೆ ಬೇಡ. ಹತೋಟಿಗೆ ಬಾರದ ಫಿಟ್ಸ್, ಕಾರಣ ತಿಳಿಯದೆ ತಲೆಸುತ್ತಿ ಬಿದ್ದದ್ದು, ಮರುಕಳಿಸುವ ವರ್ಟಿಗೊ ಈ ಗುಂಪಿಗೆ ಸೇರುತ್ತವೆ. ಇವರಿಗೆ ವ್ಯಾಯಾಮವೇ ಬೇಡ ಎಂದು ಇದರರ್ಥವಲ್ಲ. ಮನೆಯಲ್ಲೋ ಜಿಮ್‌ನಲ್ಲೋ ನಿಂತಲ್ಲೇ ತುಳಿಯುವ ಸೈಕಲ್ ಬಗ್ಗೆ ವೈದ್ಯರನ್ನು ಕೇಳಬಹುದು.

ಹೃದಯದ ಕಾಯಿಲೆ ಮತ್ತು ಬಿಪಿ

ಮಲೇಷ್ಯಾದ ಅಜೀಜುಲ್‌ಹಸ್ನಿ ಅವಾಂಗ್ ಟ್ರ್ಯಾಕ್ ಸೈಕ್ಲಿಂಗಿನಲ್ಲಿ ಏಷ್ಯಾದ ದೊಡ್ಡ ಹೆಸರು. 2017ರಲ್ಲಿ ಕೀರಿನ್ ಸ್ಪರ್ಧೆಯ ವಿಶ್ವ ಚಾಂಪಿಯನ್, ಎರಡು ಒಲಿಂಪಿಕ್ ಪದಕಗಳ ವಿಜೇತ. ಇಷ್ಟು ಗಟ್ಟಿಮುಟ್ಟಾದ ಆ ಆಟಗಾರನ ಹೃದಯದ ರಕ್ತನಾಳವೊಂದು ಹುಟ್ಟಿನಿಂದಲೇ ತಪ್ಪು ಜಾಗದಲ್ಲಿ ಹೊರಟಿತ್ತು. 2022ರಲ್ಲಿ ಅವರಿಗೆ ತೆರೆದ ಹೃದಯದ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಅವರು ಟ್ರ್ಯಾಕಿಗೆ ಮರಳಿ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಸ್ಪರ್ಧಿಸಿದರು. ಚೆನ್ನಾಗಿ ತುಳಿಯುತ್ತಾರೆ ಎಂಬ ಮಾತ್ರಕ್ಕೆ ಹೃದಯ ಚೆನ್ನಾಗಿದೆ ಎಂದಾಗುವುದಿಲ್ಲ. ಹಾಗೆಯೇ ಹೃದಯದ ಆಪರೇಷನ್ ಆಯಿತು ಎಂಬ ಮಾತ್ರಕ್ಕೆ ಬಾಗಿಲು ಮುಚ್ಚಿತು ಎಂದೂ ಅಲ್ಲ. ಆದರೆ ಅವರ ಹಿಂದೆ ವೈದ್ಯರ ತಂಡವೇ ಇತ್ತು ಎಂಬುದನ್ನು ಮರೆಯಬಾರದು.

ಸ್ಟೆಂಟ್ ಅಥವಾ ಬೈಪಾಸ್ ಆದವರು ಮೊದಲು ವೈದ್ಯರು ಹೇಳಿದ ಪುನಶ್ಚೇತನ ವ್ಯಾಯಾಮ ಮುಗಿಸಬೇಕು. ಬಳಿಕ ಟಿಎಂಟಿಯಂಥ ಪರೀಕ್ಷೆಯಲ್ಲಿ ಎಷ್ಟು ಶ್ರಮದವರೆಗೆ ಹೋಗಬಹುದು ಎಂಬುದನ್ನು ತಿಳಿದುಕೊಳ್ಳಬೇಕು. ಟ್ರ್ಯಾಕಿನಲ್ಲಿ ಅವರಿಗೆ ಹೆಚ್ಚು ಅಪಾಯದ್ದು ನಿಂತ ಜಾಗದಿಂದ ಮೈಯೆಲ್ಲ ಬಲ ಹಾಕಿ ಹೊರಡುವುದು ಮತ್ತು ಕೊನೆಯ ಅರ್ಧ ಸುತ್ತಿನ ಪೂರ್ಣ ವೇಗದ ಓಟ. ಉಸಿರು ಬಿಗಿಹಿಡಿದು ಬಲ ಹಾಕಿದಾಗ ರಕ್ತದೊತ್ತಡ ಜಿಗಿಯುತ್ತದೆ. ವೈದ್ಯರು ಒಪ್ಪುವವರೆಗೆ ಇವೆರಡನ್ನೂ ಬಿಟ್ಟು, ಮಾತಾಡುತ್ತ ತುಳಿಯಲು ಆಗುವಷ್ಟೇ ವೇಗದಲ್ಲಿರಿ. ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತಿಲ್ಲವೆಂದರೆ ಶ್ರಮ ಹೆಚ್ಚಾಯಿತು. ಕಡಿದಾದ ಟ್ರ್ಯಾಕಿನಲ್ಲಿ ಮೇಲಿರಲು ಬೇಕಾದ ಕನಿಷ್ಠ ವೇಗಕ್ಕೇ ಹಾಗೆ ಏದುಸಿರು ಬರುತ್ತಿದ್ದರೆ ಆ ಟ್ರ್ಯಾಕು ನಿಮಗೆ ಇನ್ನೂ ಹೊಂದುವುದಿಲ್ಲ.

ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರು ಕೈಗಡಿಯಾರ ತೋರಿಸುವ ನಾಡಿಬಡಿತವನ್ನು ನಂಬಬೇಡಿ. ಎಷ್ಟು ಶ್ರಮಪಟ್ಟರೂ ಅದು ಏರುವುದು ಕಡಿಮೆ. ಎದೆಯಲ್ಲಿ ಒತ್ತಿದಂತಾಗುವುದು, ಎಡಗೈ ಅಥವಾ ದವಡೆಗೆ ನೋವು ಹರಿಯುವುದು, ತಣ್ಣನೆ ಬೆವರು, ಕಣ್ಣು ಮಂಜಾಗುವುದು ಇವುಗಳಲ್ಲಿ ಒಂದು ಕಂಡರೂ ಒಳಗೆ ಇಳಿದುಬಿಡಿ. ‘ಇನ್ನೊಂದೇ ಸುತ್ತು’ ಎನ್ನಬೇಡಿ.

ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯ ಇನ್ನೂ ಗಂಭೀರ. ವಾರ್ಫರಿನ್, ಅಸಿಟ್ರೋಮ್ ಅಥವಾ ಈಚಿನ ಅಪಿಕ್ಸಾಬಾನ್, ರಿವರೋಕ್ಸಾಬಾನ್ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರೆ ಒಳಗೆ ರಕ್ತಸ್ರಾವವಾಗಬಹುದು, ಅದು ಕೆಲವು ಗಂಟೆ ಗೊತ್ತೇ ಆಗದಿರಬಹುದು. ಹೆಚ್ಚಿನ ವೈದ್ಯರು ಇವರಿಗೆ ಟ್ರ್ಯಾಕ್ ಬೇಡವೆನ್ನುತ್ತಾರೆ, ಅದು ಸರಿಯಾದ ಮಾತೇ. ಸ್ಟೆಂಟ್ ಆದ ಮೊದಲ ತಿಂಗಳುಗಳಲ್ಲಿ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್‌ನಂಥ ಇನ್ನೊಂದು ಮಾತ್ರೆಯೂ ಇರುತ್ತದೆ. ಆ ಅವಧಿ ಮುಗಿಯುವವರೆಗೆ ಕಾಯಬಹುದೇ ಎಂದು ಕೇಳಿ. ಟ್ರ್ಯಾಕಿಗೆ ಹೋಗಬೇಕೆಂದು ಮಾತ್ರೆಯನ್ನು ಸ್ವಂತವಾಗಿ ನಿಲ್ಲಿಸುವ ಯೋಚನೆ ಮಾತ್ರ ಬೇಡವೇ ಬೇಡ. ಸ್ಟೆಂಟ್ ಕಟ್ಟಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು. ಮೇಲಿನ ಯಜಮಾನರಿಗೆ ಉತ್ತರ ಇದೇ: ಈ ವರ್ಷ ಮನೆಯಲ್ಲಿ ನಿಂತಲ್ಲೇ ತುಳಿಯುವ ಸೈಕಲ್, ಮುಂದಿನ ವರ್ಷ ವೈದ್ಯರೊಂದಿಗೆ ಕೂತು ಮತ್ತೆ ಮಾತು.

ಇನ್ಸುಲಿನ್ ತೆಗೆದುಕೊಳ್ಳುವವರು

ಅಮೆರಿಕದ ಮ್ಯಾಂಡಿ ಮಾರ್ಕ್ವಾರ್ಟ್ ಟೈಪ್ 1 ಮಧುಮೇಹ ಇದ್ದುಕೊಂಡೇ ಟ್ರ್ಯಾಕ್ ಸ್ಪ್ರಿಂಟ್‌ನಲ್ಲಿ ಅನೇಕ ಸಲ ರಾಷ್ಟ್ರೀಯ ಚಾಂಪಿಯನ್ ಆದವರು. ಆಗದ ಮಾತಲ್ಲ ಎಂಬುದಕ್ಕೆ ಅಷ್ಟು ಸಾಕು. ಹೇಗೆ ಎಂಬುದೇ ಮುಖ್ಯ.

ಟ್ರ್ಯಾಕಿಗೆ ಇಳಿಯುವ ಮೊದಲು ಸಕ್ಕರೆ ನೋಡಿ. ಸಾಮಾನ್ಯವಾಗಿ 126ರಿಂದ 180 ಮಿ.ಗ್ರಾಂ. ಒಳ್ಳೆಯ ಮಟ್ಟ. 90ಕ್ಕಿಂತ ಕಡಿಮೆ ಇದ್ದರೆ 10ರಿಂದ 20 ಗ್ರಾಂ ಗ್ಲೂಕೋಸ್ ತೆಗೆದುಕೊಂಡು, ಏರುವವರೆಗೆ ಕಾಯಬೇಕು. 250 ದಾಟಿದ್ದರೆ ಕೀಟೋನ್ ನೋಡಬೇಕು, ಕೀಟೋನ್ ಇದ್ದರೆ ಆ ದಿನ ಓಟವಿಲ್ಲ. ಹಿಂದಿನ 24 ಗಂಟೆಯೊಳಗೆ ಬೇರೆಯವರ ಸಹಾಯ ಬೇಕಾಗುವಷ್ಟು ಸಕ್ಕರೆ ಇಳಿದಿದ್ದರೂ ಓಟವಿಲ್ಲ. ನಿಮ್ಮ ಮಗುವಿಗೆ ವೈದ್ಯರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಅನುಸರಿಸಿ.

ಟ್ರ್ಯಾಕಿನಲ್ಲಿ ಒಂದು ವಿಚಿತ್ರವಿದೆ. ನಿಧಾನವಾಗಿ ಬಹಳ ಹೊತ್ತು ತುಳಿದರೆ ಸಕ್ಕರೆ ಇಳಿಯುತ್ತದೆ, ಆದರೆ ಅರ್ಧ ನಿಮಿಷದ ಪೂರ್ಣ ವೇಗದ ಓಟ ಅಡ್ರಿನಲಿನ್‌ನಿಂದಾಗಿ ಅದನ್ನು ಏರಿಸಬಹುದು. ಏರಿದ ಅಂಕಿ ನೋಡಿ ತಾಯಂದಿರು ಕೂಡಲೇ ಹೆಚ್ಚುವರಿ ಇನ್ಸುಲಿನ್ ಕೊಟ್ಟುಬಿಡುತ್ತಾರೆ. ಒಂದೆರಡು ಗಂಟೆಯಲ್ಲಿ ಅದು ತಾನೇ ಇಳಿಯತೊಡಗುತ್ತದೆ, ಕೊಟ್ಟ ಇನ್ಸುಲಿನ್ನೂ ಸೇರಿ ರಾತ್ರಿ ನಿದ್ದೆಯಲ್ಲಿ ಸಕ್ಕರೆ ಪಾತಾಳಕ್ಕೆ ಹೋಗುತ್ತದೆ. ಸಂಜೆ ಅಭ್ಯಾಸ ಮಾಡಿದ ದಿನ ಮಲಗುವ ಮುನ್ನ ಒಮ್ಮೆ, ಸಾಧ್ಯವಾದರೆ ನಡುರಾತ್ರಿ ಒಮ್ಮೆ ನೋಡಿ. ಸಂಜೆಯ ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕು ಎಂಬುದನ್ನು ಮೊದಲೇ ವೈದ್ಯರಿಂದ ಬರೆಸಿಕೊಳ್ಳಿ.

ಗ್ಲೂಕೋಸ್ ಪುಡಿ ಅಥವಾ ಮಾತ್ರೆ ಮಗುವಿನ ಬ್ಯಾಗಿನಲ್ಲಿದ್ದರೆ ಸಾಲದು, ಕೋಚ್ ಜೇಬಿನಲ್ಲೂ ಇರಬೇಕು. ಕೈ ನಡುಗಿದರೆ, ತಲೆ ಹಗುರಾದಂತೆ ಅನಿಸಿದರೆ ಒಳಗೆ ಇಳಿದು 15 ಗ್ರಾಂ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಮಕ್ಕಳು ಗೆಳೆಯರ ಮುಂದೆ ಇದನ್ನು ಹೇಳಿಕೊಳ್ಳಲು ನಾಚುತ್ತಾರೆ, ತಂಡದಿಂದ ಬಿಟ್ಟುಬಿಡುತ್ತಾರೆ ಎಂದು ಹೆದರಿ ಕಾಯಿಲೆಯನ್ನೇ ಮುಚ್ಚಿಡುವುದೂ ಉಂಟು. ಮೊದಲ ದಿನವೇ ತಂದೆ ತಾಯಿ ಹೋಗಿ ಕೋಚ್ ಜೊತೆ ಕೂತು ಮಾತಾಡಿ. ಕೇಳಿದ ಮೇಲೂ ಕಲಿಯಲು ಮನಸ್ಸು ಮಾಡದ ಕೋಚ್ ಆದರೆ ಬೇರೆಯವರನ್ನು ಹುಡುಕಿ.

ಸಕ್ಕರೆ ಕಾಯಿಲೆಯಿಂದ ಕಣ್ಣಿನ ರೆಟಿನಾಗೆ ತೊಂದರೆ ಆಗಿರುವವರು ಕಣ್ಣಿನ ವೈದ್ಯರನ್ನೂ ಕೇಳಬೇಕು. ಪಾದದ ಸ್ಪರ್ಶ ಕಡಿಮೆಯಾದವರು ಶೂ ಬಿಚ್ಚಿದ ಮೇಲೆ ಪ್ರತಿ ಸಲ ಪಾದ ನೋಡಿಕೊಳ್ಳಬೇಕು.

ಮೊಣಕಾಲು, ದಮ್ಮು, ಮೂಳೆ

ಹಿಂದಕ್ಕೆ ಒತ್ತಿ ವೇಗ ತಗ್ಗಿಸುವ ಅಭ್ಯಾಸ ಮೊಣಕಾಲಿಗೆ ಹೊರೆ. ಸೀಟು ತಗ್ಗಾಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ, ಎತ್ತರವಾಗಿದ್ದರೆ ಹಿಂಭಾಗ. ಪೆಡಲ್ ಕೆಳತುದಿಯಲ್ಲಿದ್ದಾಗ ಮಂಡಿ ಸ್ವಲ್ಪ ಬಾಗಿಯೇ ಇರಬೇಕು, ಸುಮಾರು 25ರಿಂದ 35 ಡಿಗ್ರಿ. ಹೊಸಬರಿಗೆ ಹಗುರವಾದ ಗೇರ್ ಕೇಳಿ: ಮುಂದೆ 48 ಹಲ್ಲು, ಹಿಂದೆ 16 ಹಲ್ಲು ಇದ್ದರೆ ಶುರುವಿಗೆ ಸಾಕು. ಮಂಡಿ ಬದಲಿ ಶಸ್ತ್ರಚಿಕಿತ್ಸೆ ಆದವರಿಗೆ ಪೂರ್ತಿ ಸುತ್ತು ತುಳಿಯಲು ಮಂಡಿ ಸುಮಾರು 110 ಡಿಗ್ರಿ ಮಡಚಬೇಕು. ಆದರೂ ಬಿದ್ದರೆ ಆಗುವ ಹಾನಿ ನೋಡಿದರೆ ನಿಂತ ಸೈಕಲ್ಲೇ ಅವರಿಗೆ ಜಾಣತನ.

ದಮ್ಮು ಇರುವವರು ಇನ್‌ಹೇಲರನ್ನು ಟ್ರ್ಯಾಕಿನ ಬದಿಯಲ್ಲೇ ಇಟ್ಟುಕೊಳ್ಳಿ. ವೈದ್ಯರು ಹೇಳಿದ್ದರೆ ಹತ್ತು ಹದಿನೈದು ನಿಮಿಷ ಮೊದಲೇ ಎಳೆದುಕೊಳ್ಳಿ. ಮೂಳೆ ಸವೆದು ಟೊಳ್ಳಾಗಿರುವವರು ಮತ್ತು ಗರ್ಭಿಣಿಯರಿಗೆ ಟ್ರ್ಯಾಕ್ ಬೇಡ.

ಹೊಸಬರು ಮೊದಲ ದಿನದ ಉತ್ಸಾಹದಲ್ಲಿ ಮೈ ಮೀರಿ ತುಳಿದಾಗ ಬರಬಹುದಾದ ಇನ್ನೊಂದು ತೊಂದರೆ ಇದೆ. ಒಂದೆರಡು ದಿನದ ಬಳಿಕ ತೊಡೆ ಊದಿ, ಮೆಟ್ಟಿಲು ಇಳಿಯಲಾಗದಷ್ಟು ನೋವಾಗಿ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಬರೀ ಮೈಕೈ ನೋವಲ್ಲ. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊರೆ ಬಿದ್ದಿದೆ. ಅಂದೇ ಆಸ್ಪತ್ರೆಗೆ ಹೋಗಬೇಕು. ನೋವಿನ ಮಾತ್ರೆ ನುಂಗಿ ಕಾಯಬಾರದು, ಕೆಲವು ನೋವಿನ ಮಾತ್ರೆಗಳು ಮೂತ್ರಪಿಂಡವನ್ನು ಇನ್ನಷ್ಟು ಕೆಡಿಸುತ್ತವೆ.

ಮೊದಲ ದಿನ ಏನಾಗುತ್ತದೆ?

ಸೈಕಲ್ ಕೊಳ್ಳುವ ಅಗತ್ಯ ಆಗಲೇ ಇಲ್ಲ. ಅಲ್ಲಿಯದೇ ಸೈಕಲ್ ಸಿಗುತ್ತದೆಯೇ ಎಂದು ಮೊದಲು ಕೇಳಿ, ಕೆಲವು ತಿಂಗಳು ಅದರಲ್ಲೇ ಕಲಿಯಿರಿ. ನಿಮ್ಮದೇ ಆಗಿರಬೇಕಾದದ್ದು ಅಳತೆಗೆ ಸರಿಯಾದ ಹೆಲ್ಮೆಟ್, ಬೆರಳು ಮುಚ್ಚುವ ಗ್ಲೌಸ್, ಮೈಗಂಟಿದ ಬಟ್ಟೆ.

ಕೋಚ್ ಸೀಟು ಹಿಡಿದು ಹತ್ತಿಸುತ್ತಾರೆ. ಮೊದಲು ಒಳಗಿನ ಸಮತಟ್ಟು ಜಾಗದಲ್ಲೇ ಸುತ್ತು ಹೊಡೆದು, ಕಾಲು ನಿಲ್ಲಿಸದೆ ತುಳಿಯುವುದನ್ನೂ ನಿಧಾನ ಮಾಡಿ ನಿಲ್ಲುವುದನ್ನೂ ಕಲಿಯುತ್ತೀರಿ. ಇದೇ ಒಂದು ದಿನ ಹಿಡಿದರೂ ನಷ್ಟವಿಲ್ಲ. ಆಮೇಲೆ ಟ್ರ್ಯಾಕಿನ ಒಳ ಅಂಚಿನ ನೀಲಿ ಪಟ್ಟಿ, ನಂತರ ಅದರ ಮೇಲಿನ ಕಪ್ಪು ಗೆರೆ. ಒಂದು ಸುತ್ತಿನ ಉದ್ದವನ್ನು ಅಳೆಯುವುದು ಈ ಕಪ್ಪು ಗೆರೆಯ ಮೇಲೆ. ಅದಕ್ಕೂ ಮೇಲೆ ಕೆಂಪು ಗೆರೆ, ಇನ್ನೂ ಮೇಲೆ ನೀಲಿ ಗೆರೆ. ವೇಗ ಕುದುರಿದ ಮೇಲೆ ನೇರ ಭಾಗದಲ್ಲಿ ಮೇಲಕ್ಕೆ ಏರಿಸುತ್ತಾರೆ, ತಿರುವಿನಲ್ಲಿ ಅಲ್ಲ.

ಎಲ್ಲರೂ ಎಡಕ್ಕೆ ತಿರುಗುತ್ತ ಒಂದೇ ದಿಕ್ಕಿನಲ್ಲಿ ಓಡುತ್ತಾರೆ. ಮುಂದಿನವರನ್ನು ದಾಟುವುದು ಬಲಗಡೆಯಿಂದ. ಮೇಲಕ್ಕೆ ಹೋಗುವ ಮುನ್ನ ಬಲ ಭುಜದ ಮೇಲಿಂದ ಹಿಂದೆ ನೋಡಲೇಬೇಕು. ಟ್ರ್ಯಾಕಿಗೆ ಇಳಿಯುವಾಗ, ಅಡ್ಡ ದಾಟುವಾಗ ಇನ್ನೂ ಎಚ್ಚರ. ಎರಡು ಒಲಿಂಪಿಕ್ ಚಿನ್ನ ಗೆದ್ದಿದ್ದ ಜರ್ಮನಿಯ ಕ್ರಿಸ್ಟಿನಾ ಫೋಗೆಲ್ 2018ರಲ್ಲಿ ಕಾಟ್‌ಬುಸ್‌ನ ಟ್ರ್ಯಾಕಿನಲ್ಲಿ ಅಭ್ಯಾಸದ ವೇಳೆ ಇನ್ನೊಬ್ಬ ಸವಾರನಿಗೆ ಡಿಕ್ಕಿಯಾಗಿ ಬೆನ್ನುಹುರಿ ಕಳೆದುಕೊಂಡರು, ಈಗ ಗಾಲಿಕುರ್ಚಿಯಲ್ಲಿದ್ದಾರೆ. ಅದು ಸ್ಪರ್ಧೆಯಲ್ಲ, ಅಭ್ಯಾಸ. ಫೋಟೋ ತೆಗೆಯಲೆಂದು ಟ್ರ್ಯಾಕಿಗೆ ಕಾಲಿಡುವ ಮನೆಯವರಿಗೂ ಇದು ಗೊತ್ತಿರಲಿ.

ಅಭ್ಯಾಸ ಮುಗಿದ ಕೂಡಲೇ ಇಳಿದು ಕೂರಬೇಡಿ. ಐದಾರು ನಿಮಿಷ ಹಗುರವಾಗಿ ತುಳಿಯಿರಿ, ಇಲ್ಲವಾದರೆ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆ ತಿರುಗುತ್ತದೆ. ಚೆನ್ನೈ, ಹೈದರಾಬಾದಿನಲ್ಲಿ ಬೇಸಿಗೆಯಲ್ಲಿ ಬೆಳಗಿನ ಎಂಟರ ಒಳಗೆ ಮುಗಿಸಿ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಬಿಸಿಲು ಬೇಗ ತಟ್ಟುತ್ತದೆ.

ಬಿದ್ದರೆ?

ಟ್ರ್ಯಾಕಿಗೆ ಹೋಗುವವರು ಎಂದಾದರೊಂದು ದಿನ ಬೀಳುತ್ತಾರೆ. ಹೆಚ್ಚಾಗಿ ಆಗುವುದು ಸೊಂಟ, ತೊಡೆ, ಮೊಣಕೈಯ ಚರ್ಮ ತರಚುವುದು. ಶುದ್ಧ ನೀರು, ಸೋಪಿನಿಂದ ಚೆನ್ನಾಗಿ ತೊಳೆದು ಮುಚ್ಚಿ. ಅರಿಸಿನ, ಕಾಫಿಪುಡಿ ಹಾಕಬೇಡಿ. ಟಿಟಿ ಹಾಕಿಸಿ ಐದು ವರ್ಷ ದಾಟಿದ್ದರೆ ವೈದ್ಯರಿಗೆ ಹೇಳಿ. ಮರದ ಟ್ರ್ಯಾಕಿನಲ್ಲಿ ಸಿಬಿರು ಚುಚ್ಚುತ್ತದೆ. ಮೇಲ್ಮೈಯ ಚಿಕ್ಕದನ್ನು ತೆಗೆಯಬಹುದು, ಆಳಕ್ಕೆ ಹೋದದ್ದನ್ನು ಎಳೆಯಬಾರದು. ಮೇಲೆ ಹೇಳಿದ ಅವಾಂಗ್ ಅವರ ಮೀನಖಂಡಕ್ಕೆ 2011ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸುಮಾರು 20 ಸೆಂ.ಮೀ. ಉದ್ದದ ಸಿಬಿರು ಆರಪಾರ ಹೊಕ್ಕಿತ್ತು, ಅದನ್ನು ಹೊರತೆಗೆದದ್ದು ಶಸ್ತ್ರಚಿಕಿತ್ಸೆಯಲ್ಲಿ.

ಭುಜ ಎತ್ತಲಾಗದಿದ್ದರೆ ಕಾಲರ್ ಬೋನ್ ಮುರಿದಿರಬಹುದು, ಎಕ್ಸ್‌ರೇ ಬೇಕು. ಕುತ್ತಿಗೆ ಅಥವಾ ಬೆನ್ನು ನೋವು, ಕೈಕಾಲು ಜೋಮು ಎಂದರೆ ಎತ್ತಿ ಕೂರಿಸಬೇಡಿ. ಇದ್ದಲ್ಲೇ ಇರಲು ಬಿಟ್ಟು 108 ಅಥವಾ 112ಕ್ಕೆ ಕರೆ ಮಾಡಿ. ತಲೆಗೆ ಪೆಟ್ಟಾಗಿ ಗೊಂದಲದ ಮಾತು, ವಾಂತಿ, ಹೆಚ್ಚುತ್ತ ಹೋಗುವ ತಲೆನೋವು, ಮಂಪರು ಕಂಡರೆ ತಕ್ಷಣ ಆಸ್ಪತ್ರೆಗೆ. ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು ಏನೂ ಅನಿಸದಿದ್ದರೂ ಹೋಗಬೇಕು. ತಲೆಗೆ ಪೆಟ್ಟಾದ ದಿನ ಮತ್ತೆ ಸೈಕಲ್ ಏರುವಂತಿಲ್ಲ, ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಬೇಕು.

ಅಂಗವಿಕಲರಿಗೆ ಅವಕಾಶವಿದೆಯೇ?

ಇದೆ. ಪ್ಯಾರಾ ಟ್ರ್ಯಾಕ್ ಸೈಕ್ಲಿಂಗಿನಲ್ಲಿ ಎರಡು ಬಗೆಯ ವಿಭಾಗಗಳಿವೆ. ಕೈಕಾಲಿನ ಊನ ಅಥವಾ ಸ್ನಾಯುಗಳ ಬಿಗಿತ ಇದ್ದರೂ ಎರಡು ಚಕ್ರದ ಸೈಕಲ್ ತುಳಿಯಬಲ್ಲವರಿಗೆ ಸಿ1ರಿಂದ ಸಿ5. ದೃಷ್ಟಿದೋಷ ಇರುವವರಿಗೆ ಜೋಡಿ ಸೈಕಲ್, ಮುಂದಿನ ಸೀಟಿನಲ್ಲಿ ಕಣ್ಣು ಕಾಣುವ ಸವಾರ. ಕೈಯಿಂದ ನಡೆಸುವ ಸೈಕಲ್ ಮತ್ತು ಮೂರು ಚಕ್ರದ್ದು ರಸ್ತೆ ಸ್ಪರ್ಧೆಗೆ ಮಾತ್ರ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತದಿಂದ ಜ್ಯೋತಿ ಗಡೇರಿಯಾ ಮತ್ತು ಅರ್ಷದ್ ಶೇಕ್ ಸ್ಪರ್ಧಿಸಿದ್ದರು, ಇಬ್ಬರೂ ಅಪಘಾತದಲ್ಲಿ ಕಾಲು ಕಳೆದುಕೊಂಡವರು. ಕಾಲು ಕತ್ತರಿಸಿದವರು ಅಭ್ಯಾಸದ ನಂತರ ಉಳಿದ ಭಾಗದ ಚರ್ಮವನ್ನು ಪ್ರತಿದಿನ ನೋಡಿಕೊಳ್ಳಬೇಕು. ಬೆವರಿಗೆ ಕೃತಕ ಕಾಲಿನ ಉಜ್ಜುವಿಕೆ ಸೇರಿದರೆ ಹುಣ್ಣು ಬೇಗ ಆಗುತ್ತದೆ.

ಎಲ್ಲಿ ವಿಚಾರಿಸುವುದು?

ಆಯಾ ರಾಜ್ಯದ ಸೈಕ್ಲಿಂಗ್ ಸಂಸ್ಥೆಯಲ್ಲಿ ಅಥವಾ ನೇರವಾಗಿ ವೆಲೋಡ್ರೋಮ್ ಕಚೇರಿಯಲ್ಲಿ. ದೆಹಲಿಯಲ್ಲಿ ಭಾರತೀಯ ಸೈಕ್ಲಿಂಗ್ ಫೆಡರೇಷನ್ ಇರುವುದು ಇಂದಿರಾ ಗಾಂಧಿ ಸಂಕೀರ್ಣದಲ್ಲೇ. ಶಿಬಿರ, ಸ್ಪರ್ಧೆಗಳಿದ್ದಾಗ ಹೊಸಬರಿಗೆ ಟ್ರ್ಯಾಕ್ ಸಿಗುವುದಿಲ್ಲ, ಮೊದಲೇ ಫೋನ್ ಮಾಡಿ ಹೋಗಿ. ಊರಿನ ಕಡೆ ವಿಜಯಪುರ, ಬಾಗಲಕೋಟೆ, ಚಂದರಗಿಯ ನಂಟಿರುವವರಾದರೆ ಅಲ್ಲಿಂದ ಬಂದ ಹಳೆಯ ಸೈಕ್ಲಿಸ್ಟುಗಳು ಈ ನಗರಗಳಲ್ಲೂ ಸಿಕ್ಕಾರು. ಕನ್ನಡದಲ್ಲೇ ಕೇಳಿ ತಿಳಿಯಬಹುದು.

ಕಾಯಿಲೆಯ ಹೆಸರು, ಮಾತ್ರೆಗಳು ಮತ್ತು ಪ್ರಮಾಣ, ಅಲರ್ಜಿ, ರಕ್ತದ ಗುಂಪು, ಮನೆಯವರ ಫೋನ್ ನಂಬರ್ ಇಷ್ಟನ್ನು ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದು ಹೆಲ್ಮೆಟ್ ಚೀಲದಲ್ಲಿಡಿ. ಹೈದರಾಬಾದಿನ ತುರ್ತು ವಿಭಾಗದಲ್ಲಿ ಕನ್ನಡ ಓದುವವರು ಇರಲಿಕ್ಕಿಲ್ಲ. ಮಾತ್ರೆ ಬದಲಾದಾಗಲೆಲ್ಲ ಚೀಟಿಯನ್ನೂ ಬದಲಿಸಿ.